ಕಿರಣದ ಗಡಿಯಾರ ಅಸಲಿಯೋ ನಕಲಿಯೋ

ಗೋಡೆ ಗಡಿಯಾರ ಅಸಲಿಯೋ ನಕಲಿಯೋ ಎಂದು ಹೇಳುವ ಕೆಲಸ ಒಮ್ಮೆ ಹೆಗಲೇರಿತೆಂದರೆ ಮುಗಿಯಿತು, ತಮಾಷೆಗಳು ತಾವಾಗಿಯೇ ಅಂಗಡಿ ಹುಡುಕಿಕೊಂಡು ಬರುತ್ತವೆ. ನನ್ನ ರಿಪೇರಿ ಅಂಗಡಿ ಹುಣಸೂರು ಬಸ್‌ಸ್ಟ್ಯಾಂಡಿನ ಎದುರಿಗೆ. ತೊಂಬತ್ತರ ದಶಕದ ಕೊನೆಯಲ್ಲಿ ಕೊಡಗಿನ ಎಸ್ಟೇಟ್ ಬಂಗಲೆಗಳ ಹಳೇ ಸಾಮಾನು ಈ ಕಡೆ ಇಳಿಯತೊಡಗಿತು. ಅದರಲ್ಲಿ ನನಗೆ ಪ್ರಾಣವೆಂದರೆ ಐವತ್ತು-ಅರವತ್ತರ ದಶಕದ ಗೋಡೆ ಗಡಿಯಾರ. ನಡುವೆ ದುಂಡು ಮುಖ, ಸುತ್ತ ಸೂರ್ಯನ ಹಾಗೆ ಹಿತ್ತಾಳೆ ಕಿರಣ. ಎಷ್ಟು ಚೆಂದ ಅಂತೀರಿ! ಪೇಟೆಯವರು ಅದಕ್ಕೆ ಮುಗಿಬಿದ್ದರು, ಹಿಂದೆಯೇ ನಕಲೂ ಬಂತು.

ಉಪ್ಪುನೀರಿನ ಸ್ಕ್ರೂ

ಪಿರಿಯಾಪಟ್ಟಣದ ಹಳೇ ಸಾಮಾನಿನ ವ್ಯಾಪಾರಿಯೊಬ್ಬರು ಅಂಥ ಗಡಿಯಾರವೊಂದನ್ನು ತಂದು ಮೇಜಿನ ಮೇಲಿಟ್ಟರು. ಹೊಗೆ ಹಿಡಿದ ಮರ, ಮಾಸಿದ ಕಿರಣ, ನೋಡಿ ಮನಸ್ಸು ತುಂಬಿತು. ತಿರುಗಿಸಿದರೆ ಹಿಂದೆ ಪ್ಲಸ್ ಗುರುತಿನ ಸ್ಕ್ರೂಗಳು ಫಳಫಳ.

"ಇಂಥ ಗಡಿಯಾರಕ್ಕೆ ಆಗ ಒಂದೇ ಗೀಟಿನ ಸ್ಕ್ರೂ ಹಾಕ್ತಿದ್ರು ಕಣ್ರೀ" ಎಂದೆ.

ಗಡಿಯಾರ ಎತ್ತಿಕೊಂಡು ಹೋದರು. ಮುಂದಿನ ವಾರ ಬಂದಾಗ ಅಷ್ಟೂ ಸ್ಕ್ರೂ ಬದಲಾಗಿದ್ದವು, ಮೇಲೆ ತುಕ್ಕು ಬೇರೆ. ಉಪ್ಪುನೀರಲ್ಲಿ ನೆನೆಹಾಕಿದ್ದರಂತೆ! ಆ ಶ್ರದ್ಧೆಗೆ ಕೈಮುಗಿದು ಮುಚ್ಚಳ ತೆಗೆದೆ. ಒಳಗೆ ಕೀ ಕೊಡುವ ಹಳೇ ಮಿಷನ್ನಿನ ಬದಲು ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಪೆನ್ಸಿಲ್ ಸೆಲ್.

"ಇದೇನ್ರೀ?"

"ಗಡಿಯಾರ ಹಳೇದೇ ಸಾರ್, ಟೈಮ್ ಮಾತ್ರ ಹೊಸ್ದು."

ಗೋಡೆಯ ಸಾಕ್ಷಿ

ಆ ವ್ಯಾಪಾರಿಯೇ ಒಮ್ಮೆ ನನ್ನನ್ನು ಭೇರ್ಯದ ಹತ್ತಿರ ರೈತರೊಬ್ಬರ ಮನೆಗೆ ಕರೆದೊಯ್ದರು. ಗಿರಾಕಿ ಬರುತ್ತಾರೆಂದು ಮನೆಯಾಕೆ ಕಿರಣಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಎತ್ತಿನ ಗಾಡಿಗೆ ಬಳಿದು ಮಿಕ್ಕಿದ್ದ ನೀಲಿ ಬಣ್ಣವನ್ನು ಮರಕ್ಕೆ ಹೊಡೆದಿದ್ದರು. "ನಕಲಿ" ಎಂದು ವ್ಯಾಪಾರಿ ಹೊರಡಲು ಎದ್ದರು.

ನಾನು ಗಡಿಯಾರ ಇಳಿಸಿ ಗೋಡೆ ತೋರಿಸಿದೆ. ವರ್ಷವರ್ಷವೂ ಅದನ್ನು ಇಳಿಸದೆ ಸುತ್ತಲೇ ಸುಣ್ಣ ಬಳಿದು ಬಳಿದು, ಒಂದೊಂದು ಕಿರಣದ ಅಚ್ಚೂ ಗೋಡೆಯಲ್ಲಿ ತಗ್ಗಾಗಿ ಕೂತಿತ್ತು. ನಕಲು ಹುಟ್ಟುವುದಕ್ಕೂ ಮೊದಲಿನಿಂದ ಅದು ಅಲ್ಲೇ ಇತ್ತು. ವ್ಯಾಪಾರಿ ಬೆರಗಾಗಿ ಗೋಡೆಯನ್ನೇ ಸವರುತ್ತ ನಿಂತರು. ಮನೆಯಾಕೆಗೆ ಗಾಬರಿ.

"ಗಡಿಯಾರ ತಕಂಡೋಗಿ ಅಣ್ಣ, ಗೋಡೆ ಮಾತ್ರ ಕೊಡಕಿಲ್ಲ!"

ಆಯುಧಪೂಜೆಯ ಕುಂಕುಮ

ಇವೆಲ್ಲಕ್ಕಿಂತ ನನಗೆ ಇಷ್ಟವಾದವರು ಎಚ್.ಡಿ. ಕೋಟೆ ಕಡೆಯ ಅಜ್ಜಿ. ಸೀರೆಯಲ್ಲಿ ಸುತ್ತಿದ ಗಡಿಯಾರ ಹಿಡಿದು ಬಸ್ಸಿಳಿದು ಬಂದರು, ಜೊತೆಗೆ ಓರಗಿತ್ತಿ. ಅಜ್ಜಿಯ ಯಜಮಾನರು ಎಸ್ಟೇಟ್ ಬಂಗಲೆಯಲ್ಲಿ ಅಡುಗೆಯವರು. ಕೆಲಸ ಬಿಡುವಾಗ ಸಾಹುಕಾರರೇ ಅದನ್ನು ಗೋಡೆಯಿಂದ ಇಳಿಸಿ ಕೊಟ್ಟರಂತೆ. ಯಜಮಾನರು ತೀರಿಕೊಂಡ ಮೇಲೆ ಈ ಓರಗಿತ್ತಿ, ಅದು ಅಂಗಡಿಯಲ್ಲಿ ಕೊಂಡ ನಕಲಿ, ಸಾಹುಕಾರರ ಕತೆಯೆಲ್ಲ ಬುರುಡೆ ಎಂದು ಊರ ತುಂಬ ಹೇಳಿಕೊಂಡು ಬಂದಿದ್ದರು.

"ಮಾರಕ್ಕಲ್ಲ ಸಾಮಿ. ನಮ್ಮ ಯಜಮಾನ್ರು ಸುಳ್ಳೇಳಿದ್ರಾ, ಅದ ಯೋಳಿ ಸಾಕು" ಎಂದರು ಅಜ್ಜಿ.

ನೋಡಿದರೆ ಗಾಜು ಹೊಸದು, ಮುಳ್ಳುಗಳೂ ಹೊಸವು. ನಕಲಿ ಎನ್ನಬೇಕಾಗುತ್ತದೇನೋ ಎಂದುಕೊಂಡೆ. ಹಿಂದಿನ ಮುಚ್ಚಳ ಬಿಚ್ಚಿದೆ. ಒಳಗೆ ಕೀ ಕೊಡುವ ಹಿತ್ತಾಳೆ ಮಿಷನ್ನು, ಅದರ ಚಕ್ರಚಕ್ರಕ್ಕೂ ಅರಿಶಿನ, ಕುಂಕುಮ! ದುಡಿಯುವುದು ಮಿಷನ್ನೇ ಹೊರತು ಗಾಜಲ್ಲ ಎಂದು ಯಜಮಾನರು ಪ್ರತಿ ಆಯುಧಪೂಜೆಗೂ ಮುಚ್ಚಳ ತೆಗೆದು ಒಳಗೇ ಬೊಟ್ಟಿಡುತ್ತಿದ್ದರಂತೆ. ಅಷ್ಟೂ ಕುಂಕುಮ ಹೊತ್ತು ಗಡಿಯಾರ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಮಾಡಿದವರ ಕೈಗೂ, ಪೂಜಿಸಿದವರ ಕೈಗೂ ಮನಸ್ಸಿನಲ್ಲೇ ನಮಸ್ಕಾರ ಹಾಕಿದೆ.

"ಅಸಲಿ ಕಣಜ್ಜಿ, ಬಂಗಲೆಗಳಿಂದ ಬರೋ ಅಂಥದ್ದೇ, ನಿಮ್ಮ ಯಜಮಾನ್ರು ಸುಳ್ಳು ಹೇಳಿಲ್ಲ. ಗಾಜು, ಮುಳ್ಳು ಆಮೇಲೆ ಹಾಕ್ಸಿರೋದು. ನಕಲಿಯಾಗಿದ್ರೆ ಮೊದಲ್ನೇ ಪೂಜೆಗೇ ನಿಂತೋಗ್ತಿತ್ತು."

ಅಜ್ಜಿ ಕಣ್ಣೊರೆಸಿಕೊಂಡರು. "ಇನ್ನೊಂದ್ಸಲ ಗಟ್ಟಿಯಾಗಿ ಯೋಳಿ ಸಾಮಿ, ಇವ್ಳಿಗೆ ಕಿವಿ ಮಂದ."

"ನಂಗ್ಯಾಕೆ ಮಂದ? ಚೆನ್ನಾಗೇ ಕೇಳ್ತದೆ!" ಓರಗಿತ್ತಿ ಸಿಡುಕಿದರು.

"ಗೊತ್ತು ಕಣವ್ವ" ಎಂದು ಅಜ್ಜಿ ನನ್ನ ಕಡೆ ತಿರುಗಿದರು. "ನೀವು ಯೋಳಿ ಸಾಮಿ."