ಏಳು ದಿನದ ಬನಿಯನ್

ಧನಕವಡಿಯ ಶಿವಪುತ್ರಪ್ಪ ಆರು ದಿನದಿಂದ ಒಂದೇ ಬನಿಯನ್ ಹಾಕಿಕೊಂಡಿದ್ದ. ಬಡತನಕ್ಕಲ್ಲ, ನೌಕರಿಗಾಗಿ. ಅವನ ಕಂಪನಿ ಬಿದಿರಿನ ನಾರಿನಿಂದ ಬನಿಯನ್ ಮಾಡುತ್ತಿತ್ತು. ಬಿದಿರಿನಲ್ಲೇ ಕ್ರಿಮಿ ಕೊಲ್ಲುವ ಗುಣವಿದೆ, ವಾರ ಒಗೆಯದಿದ್ದರೂ ವಾಸನೆ ಬರುವುದಿಲ್ಲ ಎನ್ನುವುದು ಮಾಲೀಕ ಮಧುಕರ್ ಸಾಹೇಬರ ಮಾತು. ಅದನ್ನು ಸೋಮವಾರ ಮುಂಬಯಿಯ ದೊಡ್ಡ ಗಿರಾಕಿ ಶಾಲಿನಿ ಮೇಡಂ ಎದುರು ತೋರಿಸಬೇಕಿತ್ತು. ಅದಕ್ಕೇ ಶಿವಪುತ್ರಪ್ಪನಿಗೂ ಜೊತೆಯ ಗುಮಾಸ್ತ ಅಮರನಿಗೂ ಒಂದೊಂದು ಕೊಟ್ಟಿದ್ದರು. ಆರ್ಡರ್ ಸಿಕ್ಕರೆ ಇಬ್ಬರ ಕೆಲಸವೂ ಪರ್ಮನೆಂಟ್. ಶಿವಪುತ್ರಪ್ಪ ಆ ಮಾತಿಗೆ ಹನ್ನೊಂದು ವರ್ಷ ಕಾದಿದ್ದ.

ಆರು ದಿನ ಪಟ್ಟ ಪಾಡು ಅವನಿಗೇ ಗೊತ್ತು. ತುಂಬಿದ ಬಸ್ಸಿನಲ್ಲೂ ಪಕ್ಕದ ಸೀಟು ಖಾಲಿ ಉಳಿಯುತ್ತಿತ್ತು. ಹೆಂಡತಿ ಪಾರವ್ವ ಊಟದ ತಾಟನ್ನು ದೂರದಿಂದಲೇ ಸರಿಸುತ್ತಿದ್ದಳು. ಬಿದಿರಿನ ಮೇಲಿನ ನಂಬಿಕೆ ಮೂರನೆಯ ದಿನವೇ ಸತ್ತಿತ್ತು.

ಸೋಮವಾರ ಮುಂಜಾನೆ ಸ್ನಾನ ಮುಗಿಸಿ ಬಂದರೆ ಗೂಟದ ಮೇಲೆ ಬನಿಯನ್ ಇಲ್ಲ. ಬಕೆಟ್ಟಿನ ನೊರೆಯಲ್ಲಿ ಮುಳುಗಿತ್ತು.

"ಏನ ಮಾಡಿದಿ ಪಾರವ್ವ?"

"ಇವತ್ತ ಸೋಮವಾರ ಅದರಿ. ವಾರದ ಅರಿವಿ ಮ್ಯಾಲೆ ಲಿಂಗಪೂಜಿಗೆ ಕುಂಡ್ರತೀರೇನು?"

ಶಿವಪುತ್ರಪ್ಪ ಅತ್ತೇ ಬಿಟ್ಟ. ಅಳು ಕೇಳಿ ಕೆಳಗಿನ ಮನೆಯ ರಾಜೀವಿಯಕ್ಕ ಮೇಲೆ ಬಂದರು. ಉಡುಪಿ ಕಡೆಯವರು, ಹೋಟೆಲ್ ನಡೆಸುವವರು, ಯಾರ ಮನೆಯ ಕಷ್ಟವನ್ನೂ ಬಿಟ್ಟವರಲ್ಲ. ಬನಿಯನ್ ಹಿಂಡಿ, ಇಸ್ತ್ರಿ ಹಾಕಿ ಒಣಗಿಸಿ ಕೈಗಿಟ್ಟರು.

"ಯಾರಿಗೂ ಹೇಳ್ಬೇಡಿ ಮಾರಾಯ್ರೆ. ವಾಸನೆ ಇಲ್ದಿದ್ರೆ ನಿಮ್ಮ ಧಣಿಗೆ ಖುಷಿಯೇ ಅಲ್ವಾ?"

ಮಾತು ಸರಿಯೆನಿಸಿತು. ಮೋಸ ಎಂದು ಮನಸ್ಸು ಚುಚ್ಚಿದರೂ ಹನ್ನೊಂದು ವರ್ಷ ನೆನೆದು ಬಾಯಿ ಮುಚ್ಚಿಕೊಂಡ.

ಆಫೀಸಿನಲ್ಲಿ ಎರಡೂ ಬನಿಯನ್ ಮೇಜಿಗೆ ಬಂದವು. ಶಾಲಿನಿ ಮೇಡಂ ಅಮರನದನ್ನು ಮೂಸಿ ಸ್ವಲ್ಪ ಮೂಗು ಮುರಿದರು. ಮುಗ್ಗಲು ವಾಸನೆ, ವಾರಕ್ಕೆ ಪರವಾಗಿಲ್ಲ ಎಂದರು. ಶಿವಪುತ್ರಪ್ಪನದನ್ನು ಮೂರು ಸಲ ಮೂಸಿದರು. ವಾಸನೆಯೇ ಇಲ್ಲವಲ್ಲ ಎಂದು ಬೆರಗಾದರು. ಶಿವಪುತ್ರಪ್ಪ ತಾನು ಪರ್ಮನೆಂಟ್ ಆದ ಸುದ್ದಿಯನ್ನು ಪಾರವ್ವನಿಗೆ ಹೇಗೆ ಹೇಳುವುದೆಂದು ಯೋಚಿಸತೊಡಗಿದ.

ಮಧುಕರ್ ಸಾಹೇಬರ ಮುಖ ಮಾತ್ರ ಬೂದಿಯಾಗಿತ್ತು. ಯಾರದು ಯಾವ ಬಟ್ಟೆಯೆಂದು ಬರೆದಿಟ್ಟ ಲಕೋಟೆ ಒಡೆದು ಚೀಟಿ ಓದಿದರು. ಹೋಲಿಸಿ ನೋಡಲೆಂದು, ಹಾಕಿಕೊಂಡವರಿಗೆ ಹೇಳದೆ, ಎರಡರಲ್ಲಿ ಒಂದು ಸಾದಾ ಹತ್ತಿಯದನ್ನು ಕೊಟ್ಟಿದ್ದರು. ಅಮರನದು ಬಿದಿರು. ಶಿವಪುತ್ರಪ್ಪನದು ಹತ್ತಿ.

ಹಾಗಾದರೆ ಹತ್ತಿಯೇ ಸಾಕಲ್ಲ ಎಂದು ಮೇಡಂ ಚೀಲ ಹೆಗಲಿಗೇರಿಸಿದರು. ಈ ಕಂಪನಿಯಲ್ಲಿ ಹತ್ತಿಯ ಮಾಲೇ ಇರಲಿಲ್ಲ.

ಆರು ದಿನ ನಾರಿದ್ದು ಹತ್ತಿಯೆಂದು ಶಿವಪುತ್ರಪ್ಪನಿಗೆ ಆಗ ಹೊಳೆಯಿತು. ಒಗೆಯದೆ ತಂದಿದ್ದರೆ ಬಿದಿರು ನಿಂತಲ್ಲೇ ಗೆಲ್ಲುತ್ತಿತ್ತು. ತಡೆಯಲಾರದೆ ಮೇಡಂಗೆ ಅಡ್ಡ ನಿಂತು, ಮರಾಠಿಯಲ್ಲಿ ಸೋಪು, ಬಕೆಟ್ಟು, ಇಸ್ತ್ರಿ, ಎಲ್ಲ ಒಪ್ಪಿಕೊಂಡ.

ಶಾಲಿನಿ ಮೇಡಂ ನಂಬಲಿಲ್ಲ. ಮಾಲೀಕನನ್ನು ಉಳಿಸಲು ತನ್ನ ಮೇಲೇ ಸುಳ್ಳು ಹೊತ್ತುಕೊಳ್ಳುವ ಇಂಥ ನಿಷ್ಠಾವಂತ ಸಿಗುವುದು ಅಪರೂಪ ಎಂದು ಹೊಗಳಿ ಕಾರು ಹತ್ತಿದರು.

ಮಧುಕರ್ ಸಾಹೇಬರು ಮಾತ್ರ ಒಂದಕ್ಷರ ಬಿಡದೆ ನಂಬಿದರು.