ಒಂದೇ ಒಂದು ಸ್ವಂತ ಹೋಲಿಕೆ

ಕತೆಯ ನಾಯಕಿಗೆ ಆನೆಯ ನಡಿಗೆ ಕೊಟ್ಟದ್ದೇ ನಟರಾಜ ಮಾಡಿದ ತಪ್ಪು. ಕೊಡುವ ಮುಂಚೆ ಹೆಂಡತಿ ಹೇಗೆ ನಡೆಯುತ್ತಾಳೆ ಎಂದಾದರೂ ಒಮ್ಮೆ ನೋಡಿಕೊಳ್ಳಬೇಕಿತ್ತು. ಗುರುಸಿದ್ದಮ್ಮ ಅಡುಗೆಮನೆಯಿಂದ ನಡುಮನೆಗೆ ಬರುವಾಗಲೂ ಹೊರಟ ಬಸ್ಸನ್ನು ಹಿಡಿಯುವವಳ ಹಾಗೆ ಬರುತ್ತಾಳೆ. ಎದುರಿಗಿದ್ದವರು ತಾವಾಗಿ ಪಕ್ಕಕ್ಕೆ ಸರಿಯುತ್ತಾರೆ.

ನಟರಾಜನದು ಹೊಳೆನರಸೀಪುರದಲ್ಲಿ ಗೊಬ್ಬರದ ಅಂಗಡಿ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಯೂರಿಯಾ ಮೂಟೆಗಳ ನಡುವೆ ಕೂತು ಜೀವಮಾನದ ಮೊದಲ ಪ್ರೇಮಕತೆ ಬರೆದಿದ್ದ. ಊರಿನ ಕನ್ನಡ ಬಳಗ ಪ್ರೇಮಕತೆಗಳ ಸ್ಪರ್ಧೆ ಇಟ್ಟಿತ್ತು. ಬಂದದ್ದು ಬೆರಳೆಣಿಕೆಯ ಕತೆಗಳು, ಇವನದೊಂದನ್ನು ಬಿಟ್ಟರೆ ಉಳಿದವುಗಳಲ್ಲಿ ಪ್ರೇಮವೇ ಇರಲಿಲ್ಲ. ಹಾಗಾಗಿ ಮೊದಲ ಬಹುಮಾನ ಇವನಿಗೇ ಬಂತು. ಭಾನುವಾರ ಸಂಜೆ ಶಾಲು, ಹಾರ, ಹಣ್ಣಿನ ಬುಟ್ಟಿ. ಗೊಬ್ಬರದ ನಟರಾಜನನ್ನು ಊರು ಮೊದಲ ಸಲ ಕತೆಗಾರ ನಟರಾಜ ಎಂದು ಕರೆಯುವ ದಿನ. ಗುರುಸಿದ್ದಮ್ಮ ಹಿಗ್ಗಿಹೋಗಿ, ಕೊಣನೂರಿಗೆ ಮದುವೆಯಾಗಿ ಹೋಗಿದ್ದ ತಂಗಿ ನೀಲಾಂಬಿಕೆಗೂ ಬರಹೇಳಿದ್ದಳು.

ಆ ಭಾನುವಾರ ಬೆಳಗ್ಗೆ ಬಳಗದವರು ಕತೆಯನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಇಡ್ಲಿ ಬೇಯುವಷ್ಟರಲ್ಲಿ ಎದುರುಮನೆ ಲಕ್ಕಮ್ಮ ಮೊಬೈಲು ಹಿಡಿದು ಒಳಗೆ ಬಂದಳು.

"ಗುರುಸಿದ್ದಕ್ಕಾ, ನಿಮ್ಮನೆಯವ್ರು ಬರ್ದವ್ರಲ್ಲ, ಯಾರಕ್ಕಾ ಅವ್ಳು?"

"ಯಾವಳು?"

"ಕೇಳು. ಆನೆಯಂಥಾ ನಡಿಗೆ. ಮೊಣಕಾಲ್ ಮುಟ್ಟೋ ಜಡೆ. ಸಂಪಿಗೆ ಮೂಗು. ಚಂದ್ರನಂಥಾ ಮೊಕ. ಇದ್ರಲ್ಲಿ ಯಾವ್ದೂ ನಿಂದಲ್ವಲ್ಲ ಕಣಕ್ಕಾ. ನಾನು ಬೇಜಾರಿಗೆ ಯೋಳ್ತಿಲ್ಲ."

ಗುರುಸಿದ್ದಮ್ಮ ತನ್ನ ಗೇಣುದ್ದದ ಜಡೆಯನ್ನು ಮುಟ್ಟಿ ನೋಡಿಕೊಂಡಳು. ಆಮೇಲೆ ಒಲೆ ಆರಿಸಿದಳು.

ನಟರಾಜ ಸ್ನಾನ ಮುಗಿಸಿ, ಬನಿಯನ್ನಿನಲ್ಲಿ ಬಂದು ಮಣೆಯ ಮೇಲೆ ಕೂತ. "ಇಡ್ಲಿ ಆಯ್ತಾ?"

"ಆನೆ ಅಂಗೆ ನಡಿಯೋಳ್ನ ಕೇಳಿ. ನಿದಾನಕ್ಕೆ ತಂದ್ಕೊಡ್ತಾಳೆ."

ವಿಷಯ ತಿಳಿಯುವುದಕ್ಕೆ ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. "ಅಯ್ಯೋ, ಅದು ಸುಮ್ನೆ ಉಪಮೆ ಕಣೇ! ಕತೆ ಬರ್ಯೋರೆಲ್ಲ ಅಂಗೇ ಬರೀತಾರೆ."

"ಸುಮ್ನೆ ಬರೀತಾರಾ? ಗೊಬ್ಬರದ ಬಿಲ್ ಬರೀವಾಗ ಸುಮ್ನೆ ಏನಾರ ಬರ್ದಿದ್ದೀರಾ ಒಂದಿವ್ಸ? ಅವ್ಳು ಯಾರು ಅಂತ ಯೋಳೋಗಂಟ ನಾನ್ ಯಾವ ಸಮಾರಂಭಕ್ಕೂ ಬರಾಕಿಲ್ಲ. ಸಾಯಂಕಾಲದ ಬಸ್ಸಿಗೆ ಚನ್ನರಾಯಪಟ್ಣಕ್ಕೆ, ನಮ್ಮಪ್ಪನ ಮನೇಗ್ ಓಯ್ತೀನಿ."

ಅವಳು ಹೋಗುತ್ತೇನೆ ಎಂದರೆ ಹೋಗುವವಳೇ. ಇಬ್ಬರೂ ಜೊತೆಯಾಗಿ ವೇದಿಕೆ ಹತ್ತುವುದನ್ನು ನಟರಾಜ ವಾರದಿಂದ ಮನಸ್ಸಿನಲ್ಲೇ ನೋಡುತ್ತಿದ್ದ. ಮಾತು ಬೆಳೆಸಿದರೆ ಕೆಡುತ್ತದೆ ಎಂದು ಖಾಲಿ ಹೊಟ್ಟೆಯಲ್ಲೇ ಅಂಗಡಿಗೆ ಹೊರಟ.

ಲಕ್ಕಮ್ಮನಿಗೆ ಮಾತ್ರ ಕೈತುಂಬ ಕೆಲಸ ಸಿಕ್ಕಿತ್ತು. ಚಂದ್ರನಂಥ ಮುಖ ಬೇಕರಿಯವನ ತಂಗಿಯದು ಎಂದು ಅವಳು ಹಾಲಿನ ಡೈರಿಯಲ್ಲಿ ಹೇಳಿದಳು. ಜಡೆ ಟೈಲರ್ ದಿವ್ಯಾಳದು ಎಂದು ನಲ್ಲಿಯ ಹತ್ತಿರ ಹೇಳಿದಳು. ಹಳೆಯ ಹೋಲಿಕೆಗಳ ಗುಣವೇ ಅದು, ಬಚ್ಚಲಮನೆಯ ರಬ್ಬರ್ ಚಪ್ಪಲಿಯಂತೆ ಯಾರ ಕಾಲಿಗೂ ಆಗುತ್ತವೆ. ಸಂಪಿಗೆ ಮೂಗು ಹೋಗಿ ಸೇರಿದ್ದು ಟ್ರ್ಯಾಕ್ಟರ್ ಪುಟ್ಟರಾಜುವಿನ ಹೆಂಡತಿಯ ಮುಖಕ್ಕೆ. ಹನ್ನೊಂದರ ಹೊತ್ತಿಗೆ ಪುಟ್ಟರಾಜು ಅಂಗಡಿಯ ಬಾಗಿಲು ತುಂಬ ನಿಂತಿದ್ದ.

"ಸಾ, ಸಂಪಿಗೆ ಮೂಗು ಅಂತ ಬರ್ದಿದ್ದೀರಂತೆ."

"ಕತೇಲಿ ಪುಟ್ಟರಾಜು, ಕತೇಲಿ!"

"ನಮ್ಮನೇವ್ಳ ಮೂಗ ನೀವ್ ಯಾವಾಗ ನೋಡುದ್ರಿ ಸಾ?"

"ನಾನು ನೋಡೇ ಇಲ್ಲ ಕಣಪ್ಪಾ."

"ನೋಡ್ದೆ ಸಂಪಿಗೆ ಅಂತ ಎಂಗ್ ಗೊತ್ತಾಯ್ತು? ಓದ್ ಮಳೆಗಾಲ್ದಲ್ಲಿ ಡಿಎಪಿ ಗೊಬ್ಬರ ತಕ್ಕಂಡ್ ಓಗಕ್ಕೆ ಬಂದಿದ್ಲಲ್ಲ, ಆವಾಗ್ಲೇಯಾ?" ಪುಟ್ಟರಾಜು ಕೂಗಾಡಲಿಲ್ಲ. ಅದೇ ಹೆಚ್ಚು ಹೆದರಿಕೆಯಾಗುವಂತಿತ್ತು. "ಆಗ್ಲಿ ಬುಡಿ. ಸಾಯಂಕಾಲ ಅವ್ಳನ್ನ ಸಭೇಗೇ ಕರ್ಕಂಬತ್ತೀನಿ. ಎಲ್ಲಾರ ಮುಂದೇನೇ ಮೂಗಿನ ಇಚಾರ ತೀರ್ಮಾನ ಆಗೋಗ್ಲಿ."

ನಟರಾಜ ಷಟರ್ ಎಳೆದು ನೇರವಾಗಿ ಪದ್ಮಾವತಮ್ಮನವರ ಮನೆಗೆ ಓಡಿದ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಅವರಿಗೆ ಊರಿನಲ್ಲಿ ಹೆದರದವರಿಲ್ಲ. ಅರ್ಧ ಊರು ಅವರಿಂದ ಪಾಠ ಹೇಳಿಸಿಕೊಂಡಿದೆ, ಇನ್ನರ್ಧ ಏಟು ತಿಂದಿದೆ. "ಮೇಡಂ, ಆ ಹೋಲಿಕೆಗಳೆಲ್ಲ ನಂದಲ್ಲ ಅಂತ ನೀವೇ ಬಂದು ಒಂದ್ಮಾತು ಹೇಳ್ಬೇಕು" ಎಂದು ಅಂಗಲಾಚಿದ. ಬರೆಯುವವನು ಕೇಳಬಾರದ ಸಹಾಯ ಅದು. ಆ ಹೊತ್ತಿನಲ್ಲಿ ಅವನಿಗೆ ಅದು ಹೊಳೆಯಲಿಲ್ಲ.

ಪದ್ಮಾವತಮ್ಮ ಬಂದು ನಡುಮನೆಯ ಕುರ್ಚಿಯಲ್ಲಿ ಕೂತು ಕನ್ನಡಕ ಏರಿಸಿದರು. ಗೋಡೆಗೊರಗಿ ಗುರುಸಿದ್ದಮ್ಮ, ಅವಳ ಪಕ್ಕ ಲಕ್ಕಮ್ಮ, ಹೊಸ್ತಿಲಿನಲ್ಲಿ ಹಿಂದೆಯೇ ಬಂದು ಕೂತ ಪುಟ್ಟರಾಜು. ಮೇಡಂ ಉತ್ತರಪತ್ರಿಕೆ ತಿದ್ದುವವರಂತೆ ಕತೆ ಓದತೊಡಗಿದರು.

"ಆನೆ ನಡಿಗೆ. ಇದು ಹಳಗನ್ನಡದವರ ಕೈಯಲ್ಲೇ ಸವೆದುಹೋಗಿದೆ. ಸಂಪಿಗೆ ಮೂಗು, ಅದಕ್ಕಿಂತ ಹಳೆಯದು. ಚಂದ್ರನ ಮುಖಕ್ಕೆ ವಯಸ್ಸೇ ಇಲ್ಲ. ಬಳ್ಳಿಯಂಥ ನಡು, ದುಂಬಿಯಂಥ ಮುಂಗುರುಳು, ವಿರಹದಲ್ಲಿ ಬೆಳದಿಂಗಳು ಸುಡುವುದು, ಇವನ್ನೆಲ್ಲ ನಾನೇ ಒಂಬತ್ತನೇ ತರಗತಿಗೆ ಉಕ್ತಲೇಖನ ಕೊಡುತ್ತಿದ್ದೆ." ಅವರು ತಲೆ ಎತ್ತಿದರು. "ಗುರುಸಿದ್ದಮ್ಮ, ನೀವು ನಿಶ್ಚಿಂತೆಯಾಗಿರಿ. ಈ ಮನುಷ್ಯ ಯಾವ ಹೆಂಗಸನ್ನೂ ನೋಡಿಲ್ಲ. ನೋಡಿದ್ದರೆ ಹೀಗೆ ಬರೆಯುತ್ತಿರಲಿಲ್ಲ."

"ಅಂಗಾರೆ ಮೂಗು ನಮ್ದಲ್ಲ ಅನ್ನಿ" ಎಂದು ಪುಟ್ಟರಾಜು ಎದ್ದ. ಅವನ ದನಿಯಲ್ಲಿ ಸ್ವಲ್ಪ ನಿರಾಸೆಯೂ ಇತ್ತು. ಗುರುಸಿದ್ದಮ್ಮ ಒಳಗೆ ಹೋಗಿ ಕಾಫಿಗೆ ನೀರಿಟ್ಟಳು. ನಟರಾಜ ಬೆಳಗಿನಿಂದ ಮೊದಲ ಸಲ ನಿರಾಳವಾಗಿ ಉಸಿರು ಬಿಟ್ಟ.

ಅಷ್ಟರಲ್ಲಿ ಜಗಲಿಯಿಂದ ಕೆಮ್ಮು ಕೇಳಿಸಿತು. ಬಳಗದ ಕಾರ್ಯದರ್ಶಿ, ಬಟ್ಟೆ ಅಂಗಡಿಯ ಅಜಿತ್‌ಕುಮಾರ್, ಸನ್ಮಾನಿತರಿಗೆ ಸಮಯ ತಿಳಿಸಲು ಬಂದವನು ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಏನ್ ಸಾ ಇದು, ಎಲ್ಲಾ ಹಳೇ ಸ್ಟಾಕಾ? ನಮ್ಮ ನಿಯಮದಲ್ಲಿ 'ಸ್ವಂತ ಕಲ್ಪನೆ' ಅಂತ ದಪ್ಪಕ್ಷರದಲ್ಲಿದೆ. ಮೇಡಂ ಬಾಯಲ್ಲಿ ಇಷ್ಟು ಬಂದ್ಮೇಲೂ ಶಾಲು ಹೊದ್ಸಿದ್ರೆ ಜನ ನನ್ನ ಮೈಮೇಲಿನ ಶಾಲು ಕಿತ್ಕೋತಾರೆ. ಒಂದೇ ಒಂದು ಸ್ವಂತದ್ದು ತೋರ್ಸಿ, ಸಾಕು."

ಮನೆ ಉಳಿಸಿಕೊಳ್ಳಲು ಹೋಗಿ ಬಹುಮಾನ ಕಳೆದುಕೊಂಡೆನಲ್ಲ ಎಂದು ನಟರಾಜ ಪೇಚಾಡಿಕೊಂಡ. ಅವನಿಗೆ ನಿಜವಾಗಿಯೂ ಅಳು ಬರುವಂತಾಗಿತ್ತು.

"ತಡೆಯಿರಿ" ಎಂದರು ಪದ್ಮಾವತಮ್ಮ. ಅವರು ಕತೆಯ ಕೊನೆಗೆ ಬಂದಿದ್ದರು. ಗಟ್ಟಿಯಾಗಿ ಓದಿದರು: "'ಅವಳು ನಕ್ಕರೆ, ವರ್ಷವಿಡೀ ಅಟ್ಟದ ಮೇಲಿದ್ದು ನೀರು ಆರಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದಂತೆ. ಕೊಬ್ಬರಿ ತಾನಾಗಿ ಚಿಪ್ಪು ಬಿಟ್ಟು ಒಳಗೇ ಗುಡುಗುಡು ಉರುಳುವ ಸದ್ದು.' ಇದು ಯಾವ ಕಾವ್ಯದಲ್ಲೂ ಇಲ್ಲ. ಇದನ್ನು ಕಿವಿಯಾರೆ ಕೇಳಿಯೇ ಬರೆದಿದ್ದಾನೆ."

"ಬಹುಮಾನ ಗಟ್ಟಿ ಆಯ್ತು!" ಎಂದ ಅಜಿತ್‌ಕುಮಾರ್.

"ಅಂಗಾರೆ ಒಬ್ಳು ಅವ್ಳೆ!" ಎಂದಳು ಲಕ್ಕಮ್ಮ.

ಕಾಫಿ ತರುತ್ತಿದ್ದ ಗುರುಸಿದ್ದಮ್ಮ ಅಲ್ಲೇ ನಿಂತಳು. ಆದರೆ ನಟರಾಜನ ಮುಖ ಅರಳಿತ್ತು. ಅವನು ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಅದು. ಈಗ ಹೇಳಿದರೆ ಹೆಂಡತಿಯೂ ಉಳಿಯುತ್ತಾಳೆ, ಬಹುಮಾನವೂ ಉಳಿಯುತ್ತದೆ.

"ಅವ್ಳು ನೀನೇ ಕಣೇ, ಹುಚ್ಚಿ! ನಿನ್ನ ನೋಡಕ್ ಬಂದಿದ್ವಲ್ಲ, ಅವತ್ತು ನಿಮ್ಮನೆ ಜಗಲಿ ಮೇಲೆ ಕುಂತಿದ್ದೆ. ಒಳಗೆ ಅಟ್ಟದ ಮೇಲೆ ಕಾಯಿ ಅಲ್ಲಾಡ್ಸಿ ಆರಿಸ್ತಾ ಇದ್ರು. ಆ ಸದ್ದಿನ ಮಧ್ಯೆ ಯಾರೋ ನಕ್ಕಂಗಾಯ್ತು. ಯಾವ್ದು ಕಾಯಿ, ಯಾವ್ದು ನಗು ಅಂತಾನೇ ತಿಳೀಲಿಲ್ಲ. ಆಮೇಲೆ ನೀನು ತಲೆ ಬಗ್ಸ್ಕಂಡು ಕಾಫಿ ತಂದೆ, ಒಂದ್ ಮಾತೂ ಆಡ್ಲಿಲ್ಲ. ನಾನು ವಾಪಸ್ ಬರುವಾಗ ಬಸ್ಸಲ್ಲೇ ಅಪ್ಪನ್ಗೆ ಒಪ್ಪಿಗೆ ಅಂದ್ಬುಟ್ಟೆ. ಆ ನಗೂಗೇ ಒಪ್ಪಿದ್ದು ಕಣೇ." ಅವನ ಕಣ್ಣು ಒದ್ದೆಯಾಗಿತ್ತು. "ಮದ್ವೆ ಆದ್ಮೇಲೆ ನೀನು ಅಂಗೆ ನಗ್ಲೇ ಇಲ್ಲ. ಸಂಸಾರದ ತಾಪತ್ರಯ, ಏನ್ ಮಾಡೋದು ಅಂತ ನಾನೂ ಸುಮ್ನಾದೆ."

ಲಕ್ಕಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಜಿತ್‌ಕುಮಾರ್ ಚಪ್ಪಾಳೆ ತಟ್ಟಬೇಕೆಂದು ಕೈ ಎತ್ತಿದ.

ಗುರುಸಿದ್ದಮ್ಮ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. ಅವಳು ಅಷ್ಟು ನಿಧಾನವಾಗಿ ಏನನ್ನಾದರೂ ಮಾಡಿದ್ದನ್ನು ನಟರಾಜ ನೋಡಿರಲಿಲ್ಲ.

"ನಾನು ಹುಟ್ಟಿದಾಗ್ಲಿಂದ ಅಟ್ಟ ಅತ್ತಿದೋಳಲ್ಲ" ಎಂದಳು. "ಏಣಿ ಕಂಡ್ರೆ ತಲೆ ತಿರುಗ್ತದೆ. ಅವತ್ತು ನಾನು ಒಲೆ ಮುಂದೆ ಕಾಫಿ ಸೋಸ್ತಾ ಇದ್ದೆ."

"ಮತ್ತೆ ಅಟ್ಟದ ಮೇಲೆ?" ಲಕ್ಕಮ್ಮ ಕೇಳಿದಳು. ನಟರಾಜ ಕೇಳಲಿಲ್ಲ.

ಗುರುಸಿದ್ದಮ್ಮ ಉತ್ತರ ಹೇಳುವ ಮೊದಲೇ ಹೊರಗೆ ಆಟೋ ನಿಂತಿತು. ನೀಲಾಂಬಿಕೆ ಕೈಯಲ್ಲಿ ಹೂವಿನ ಪೊಟ್ಟಣ ಹಿಡಿದು ಒಳಗೆ ಬಂದಳು. ನಡುಮನೆಯಲ್ಲಿ ಕೂತ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಏನಕ್ಕಾ, ಎಲ್ರೂ ಇಂಗ್ ಕುಂತಿದ್ದೀರಿ? ಭಾವನ್ಗೆ ಬಹುಮಾನ ಕೊಡ್ತಾವ್ರೋ, ಇಲ್ಲಾ ಪಂಚಾಯ್ತಿ ಮಾಡ್ತಾವ್ರೋ?" ಎಂದು, ತನ್ನ ಮಾತಿಗೆ ತಾನೇ ನಕ್ಕಳು.

ಎಲ್ಲರೂ ಆ ನಗುವನ್ನು ಪೂರ್ತಿ ಕೇಳಿಸಿಕೊಂಡರು. ಪದ್ಮಾವತಮ್ಮ ಕನ್ನಡಕ ತೆಗೆದು ಪೆಟ್ಟಿಗೆಗೆ ಹಾಕಿದರು.

"ಹೋಲಿಕೆ ಸರಿಯಾಗೇ ಇದೆ" ಎಂದರು.