ಮೋರಿಯ ಮೇಲೆ ಮಾವನವರು

ಮನುಷ್ಯರಿಗೆ ಯಾವುದಾದರೂ ಒಂದು ಜಂಬ ಇರಲೇಬೇಕು ಎಂದು ನಂಬಿದವಳು ನಾನು. ಯಾವ ಜಂಬವೂ ಇಲ್ಲ ಎನ್ನುವವರನ್ನು ಕಂಡರೆ, ಇವರು ಏನೋ ಮುಚ್ಚಿಡುತ್ತಿದ್ದಾರೆ ಎಂಬ ಗುಮಾನಿ ಬರುತ್ತದೆ. ನಾನು ವೈನಿ ಎಂದು ಕರೆಯುವ ಬಾಜೂ ಮನೆಯ ಹೆಂಗಸಿಗೆ ತಾನು ಬಡಿದ ಜೋಳದ ರೊಟ್ಟಿಯ ಜಂಬ. ಅದನ್ನು ಕಣ್ಣಿಗೆ ಅಡ್ಡ ಹಿಡಿದರೂ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತು ಎಂದು ಓದಬಹುದಂತೆ. ನಮ್ಮವರಿಗೆ, ಅಂದರೆ ನನ್ನ ಗಂಡನಿಗೆ, ಸಪ್ಪಳ ಕೇಳಿಯೇ ಪಂಪಸೆಟ್ಟಿನ ರೋಗ ಹೇಳಬಲ್ಲೆನೆಂಬ ಜಂಬ. ಆ ಜಂಬದ ಮೇಲೆ ಒಂದು ರಿಪೇರಿ ಅಂಗಡಿಯೇ ನಡೆದಿದೆ. ನನ್ನದು ಸೈಕಲ್ಲಿನ ಜಂಬ. ನಾಚಿಕೆ ಬಿಟ್ಟು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಮುಚ್ಚಿಟ್ಟರೂ ಇನ್ನು ನಾಲ್ಕು ಸಾಲಿನಲ್ಲಿ ನಿಮಗೆ ತಿಳಿದೇ ತಿಳಿಯುತ್ತದೆ.

ನಾನು ಕಲ್ಲೋಳಿಯ ಸೊಸೆ. ಘಟಪ್ರಭಾ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುತ್ತಾರೆ. ಅಕ್ಕೋರಾಗಿ ಇಷ್ಟು ವರ್ಷವಾದರೂ ನಾನು ಶಾಲೆಗೆ ಹೋಗುವುದು ಸೈಕಲ್ ಮೇಲೆಯೇ. ತವರು ಹುಕ್ಕೇರಿ. ಅಲ್ಲಿ ಅಪ್ಪನ ಎತ್ತರದ ಸೈಕಲ್ಲಿನ ಸೀಟು ಎಟುಕದೆ, ನಡುವಿನ ಪೈಪಿನ ಕೆಳಗೆ ಒಂದು ಕಾಲು ತೂರಿಸಿ, ಏಡಿಯ ಹಾಗೆ ಓರೆಯಾಗಿ ತುಳಿಯುತ್ತ ಕಲಿತವಳು. ಬಿದ್ದು ಬಂದಾಗಲೆಲ್ಲ ಅವ್ವ ಅರಿಶಿನ ಹಚ್ಚುತ್ತ, ಇಂಥ ಮೊಣಕಾಲಿನವಳನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಬೈಯುತ್ತಿದ್ದಳು. ಕನ್ಯೆ ನೋಡಲು ಬಂದವರು ಮೊಣಕಾಲೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ವಿಚಾರಿಸಿದರು. ಸೈಕಲ್ ಬರುತ್ತದೆಯೇ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ಅವತ್ತು ಹಾಡು ಹೇಳುವ ಬದಲು ಅದನ್ನೇ ತೋರಿಸುತ್ತಿದ್ದೆ. ನನ್ನ ಹಾಡಿಗಿಂತ ಅದು ಎಷ್ಟೋ ವಾಸಿ.

ಹೋದ ವರ್ಷ ನಮ್ಮ ರಸ್ತೆ ಅಗಲ ಮಾಡುವ ಕೆಲಸ ಸುರುವಾಯಿತು. ಹಳೆಯ ರಸ್ತೆಯಲ್ಲಿ ತಗ್ಗುಗಳಿದ್ದವು ನಿಜ, ಆದರೆ ಅವು ಪರಿಚಯದ ತಗ್ಗುಗಳು. ಎಲ್ಲಿ ಯಾವುದು ಕೂತಿದೆ ಎಂದು ಕಣ್ಣು ಮುಚ್ಚಿ ಹೇಳಬಹುದಿತ್ತು. ಈಗ ಹಾಗಲ್ಲ. ಇವತ್ತು ಎಡಕ್ಕೆ ಅಗೆದರೆ ನಾಳೆ ಬಲಕ್ಕೆ, ನಿನ್ನೆ ದಾರಿಯಿದ್ದಲ್ಲಿ ಇವತ್ತು ಖಡಿಯ, ಅಂದರೆ ಜಲ್ಲಿಕಲ್ಲಿನ, ಗುಡ್ಡೆ. "ಕಾಮಗಾರಿ ಪ್ರಗತಿಯಲ್ಲಿದೆ" ಎಂಬ ಹಲಗೆಯೊಂದು ದಿನಕ್ಕೊಂದು ಕಡೆ ನಿಂತಿರುತ್ತಿತ್ತು. ಇಡೀ ಕಾಮಗಾರಿಯಲ್ಲಿ ತಿಂಗಳುಗಟ್ಟಲೆ ಮುಂದೆ ಸಾಗಿದ್ದು ಅದೊಂದೇ. ಕಾರಿನವರು ಮಸಗುಪ್ಪಿ ಕಡೆಯಿಂದ ಸುತ್ತು ಹೊಡೆದರು. ಮೋಟರ್‌ಬೈಕಿನವರು ಮುರುಮಿನ ಸಡಿಲ ಮಣ್ಣಿನಲ್ಲಿ ಗಾಲಿ ಹೂತು, ಎತ್ತು ಸತ್ತವರ ಹಾಗೆ ಪಕ್ಕದಲ್ಲಿ ನಿಂತರು. ನಾನು ಮಾತ್ರ ಖಡಿಯ ಅಂಚು ಹಿಡಿದು, ರೋಲರ್ ತುಳಿದ ಗಟ್ಟಿ ನೆಲ ನೋಡಿಕೊಂಡು, ಟಿಪ್ಪರ್ ತಿರುಗುವಷ್ಟರಲ್ಲಿ ಅದರ ಬಾಜೂದಿಂದ ನುಸುಳಿ, ಪ್ರಾರ್ಥನೆಯ ಗಂಟೆಗೆ ಮೊದಲೇ ಶಾಲೆ ಮುಟ್ಟುತ್ತಿದ್ದೆ. ಮುಖದ ಮೇಲೆ ಧೂಳು ಎಷ್ಟಿರುತ್ತಿತ್ತೆಂದರೆ ಹುಡುಗರು ದನಿ ಕೇಳಿದ ಮೇಲೆ ಎದ್ದು ನಿಲ್ಲುತ್ತಿದ್ದರು.

ಹೀಗೆ ಹೋಗುತ್ತ ಹೋಗುತ್ತ ನನ್ನ ತಲೆಯಲ್ಲಿ ಒಂದು ಹುಚ್ಚು ಹೊಕ್ಕಿತು. ಅಗೆದ ರಸ್ತೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೆಲಕ್ಕೆ ಒಮ್ಮೆಯೂ ಕಾಲು ಊರದೆ ದಾಟಬೇಕು. ಕೇಳಿದರೆ ಸಣ್ಣ ಮಾತು ಅನ್ನಿಸುತ್ತದೆ. ಸೈಕಲ್ ತುಳಿದವರಿಗೆ ಗೊತ್ತು, ಕಾಲು ಊರುವುದೆಂದರೆ ಸೋಲು. ಮೊದಮೊದಲು ಹತ್ತು ಕಡೆ ಊರುತ್ತಿದ್ದೆ. ಆಮೇಲೆ ನಾಲ್ಕಾಯಿತು, ಎರಡಾಯಿತು. ಅಲ್ಲಿ ಖಡಿ ಹೊರುತ್ತಿದ್ದ ಕಸ್ತೂರೆವ್ವ ಎಂಬವಳು ನನ್ನ ತವರೂರಿನ ಕಡೆಯವಳು. ಅವಳು ನನ್ನ ಆಟವನ್ನು ಮೊದಲು ಕಂಡುಹಿಡಿದಳು. ಕಾಲು ಊರಿದ ದಿನ ತಲೆಯಾಡಿಸುತ್ತಿದ್ದಳು, ಸ್ವಲ್ಪದರಲ್ಲಿ ತಪ್ಪಿದ ದಿನ ಬುಟ್ಟಿ ಕೆಳಗಿಟ್ಟು ನಗುತ್ತಿದ್ದಳು. ನೋಡುವವರೊಬ್ಬರು ಸಿಕ್ಕಿದ ಮೇಲೆ ನನ್ನ ಹುಚ್ಚು ಇನ್ನೂ ಏರಿತು.

ಒಂದು ಸಂಜೆ ಮನೆಗೆ ಬಂದವಳೇ ಇದನ್ನು ನಮ್ಮವರ ಮುಂದೆ ಕೊಚ್ಚಿಕೊಂಡೆ. ಅಲ್ಲೇ ಎಡವಟ್ಟಾಯಿತು. ಅವರಿಗೆ ನನ್ನ ಸೈಕಲ್ ಕಂಡರೆ ಮೊದಲಿನಿಂದಲೂ ಆಗದು. ಅಂಗಡಿಗೆ ಬಂದವರೆಲ್ಲ, ಅಕ್ಕೋರಿಗೆ ಒಂದು ಸ್ಕೂಟರ್ ಕೊಡಿಸುವುದಾಗಲಿಲ್ಲವೇ ಎಂದು ಚುಚ್ಚುತ್ತಾರಂತೆ. ಬ್ಯಾಟರಿ ಸ್ಕೂಟರೊಂದನ್ನು ಗೋಕಾಕಿನಲ್ಲಿ ನೋಡಿಯೂ ಬಂದಿದ್ದರು. ಸೈಕಲ್ಲನ್ನು ಮೂಡಲಗಿಯಲ್ಲಿರುವ ನಾದಿನಿಯ ಮನೆಗೆ ಕೊಟ್ಟುಬಿಡುವುದೆಂದು ಅವರ ಲೆಕ್ಕ. ಮನೆಯಲ್ಲಿ ನಾನು ಸೊಸೆ, ಶಾಲೆಯಲ್ಲಿ ಅಕ್ಕೋರು. ನಡುವಿನ ಆ ದಾರಿಯಲ್ಲಷ್ಟೇ ನಾನು ಹುಕ್ಕೇರಿಯ ಹುಡುಗಿ. ಅದನ್ನು ಬಾಯಿಬಿಟ್ಟು ಹೇಳಲಾರದೆ, ಸ್ಕೂಟರ್ ಈ ದಾರಿಯಲ್ಲಿ ನಡೆಯುವುದಿಲ್ಲ, ನನ್ನ ಸೈಕಲ್ ಆದರೆ ಕಾಲು ಊರದೆ ದಾಟುತ್ತದೆ ಎಂದುಬಿಟ್ಟೆ.

"ದಾಟು ಹಂಗಾದ್ರ," ಅಂದರು ಅವರು. "ಡಾಂಬರ ಬೀಳೂದ್ರೊಳಗ ಒಂದು ಸಲಾ ದಾಟಿ ತೋರಸು, ಸೈಕಲ್ ಇರಲಿ. ಇಲ್ಲಾಂದ್ರ ಸ್ಕೂಟರ್ ಬರತೈತಿ, ಸೈಕಲ್ ಮೂಡಲಗಿಗೆ ಹೋಗತೈತಿ. ಆದ್ರ ನಿನ್ನ ಮಾತ ನಂಬಾಕ ಆಗೂದಿಲ್ಲ. ನೀ ಗಣಿತದ ಅಕ್ಕೋರು, ಕಡಿಮಿ ಬಿದ್ರ ಬಾಜೂ ಮನಿಯಿಂದ ತಂದು ಕಳಿಯಾಕಿ. ಅಪ್ಪಾರು ಹೆಂಗೂ ದಿನಾ ಅಲ್ಲೇ ಇರ್ತಾರ. ಅವರು ನೋಡೀನಿ ಅಂದ್ರ ಮುಗೀತು."

ನಾನು ಖುಷಿಯಿಂದ ಒಪ್ಪಿದೆ. ಮಾವನವರು ಹುಟ್ಟಿದಾರಭ್ಯ ಸುಳ್ಳು ಹೇಳಿದವರಲ್ಲ. ರಸ್ತೆ ಕೆಲಸ ಸುರುವಾದಾಗಿನಿಂದ ಬೆಳಗ್ಗೆ ವಿಭೂತಿ ಹಚ್ಚಿ, ಪೂಜೆ ಮುಗಿಸಿ, ಧೋತರದ ಚುಂಗು ಹಿಡಿದುಕೊಂಡು ಹೊರಟರೆಂದರೆ ರಸ್ತೆಯಡಿ ನೀರು ಹಾಯಲೆಂದು ಹೊಸದಾಗಿ ಕಟ್ಟಿದ ಮೋರಿಯ ಮೇಲೆ ನಿಂತುಬಿಡುತ್ತಿದ್ದರು. ಯಾರೂ ನೇಮಿಸದ, ಯಾರೂ ಪಗಾರ ಕೊಡದ ಮೇಲ್ವಿಚಾರಣೆ. ಜೆಸಿಬಿಯವನಿಗೆ ಎಲ್ಲಿ ಅಗೆಯಬೇಕೆಂದು ಕೋಲಿನಿಂದ ತೋರಿಸುವುದು, ಅವನು ಬೇರೆ ಕಡೆ ಅಗೆದಾಗ ತಲೆ ಚಚ್ಚಿಕೊಳ್ಳುವುದು. ಅವರಿಗಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು?

ಮರುದಿನ ಬೆಳಗ್ಗೆ ಮೋರಿಯ ಹತ್ತಿರ ಬಂದಾಗಲೇ ನನಗೆ ಬೆಳಕು ಹರಿದದ್ದು. ಮಾವನವರು ಎದುರಿಗೆ ಬಂದರೆ ಸೊಸೆಯಾದವಳು ಸೈಕಲ್ ಇಳಿಯಬೇಕು. ಇಳಿದು, ಸೆರಗು ತಲೆಗೆಳೆದು, ಅವರು ನೋಡಿ ತಲೆಯಾಡಿಸುವವರೆಗೆ ಪಕ್ಕದಲ್ಲಿ ನಿಲ್ಲಬೇಕು. ಇದನ್ನು ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಇಳಿದೆ, ಅಲ್ಲಿಂದ ಇಳಿಯುತ್ತಲೇ ಬಂದೆ. ಈಗ ನೋಡಿ ಮಜಾ. ಅವರು ನೋಡದಿದ್ದರೆ ಸಾಕ್ಷಿಯಿಲ್ಲ, ನೋಡಿದರೆ ನಾನು ಇಳಿಯಲೇಬೇಕು. ಗಣಿತದಲ್ಲಿ ಇಂಥ ಸಮಸ್ಯೆಗೆ ಉತ್ತರವಿಲ್ಲ ಎಂದು ಬರೆದು ಕೆಳಗೆ ಗೆರೆ ಎಳೆಯುತ್ತೇವೆ. ನಮ್ಮವರು ಇದನ್ನು ಗೊತ್ತಿದ್ದೇ ಮಾಡಿದರೋ, ಗೊತ್ತಿಲ್ಲದೆ ಮಾಡಿದರೋ ಇವತ್ತಿಗೂ ತಿಳಿಯದು. ಗೊತ್ತಿದ್ದೇ ಮಾಡಿದ್ದರೆ ಅವರ ಬುದ್ಧಿ ಪಂಪಸೆಟ್ಟಿಗಷ್ಟೇ ಮುಡಿಪು ಎಂದು ನಾನು ತಿಳಿದದ್ದು ತಪ್ಪು.

ಎದುರಾಗದೆ ದೂರದಿಂದ ಅವರ ಕಣ್ಣಿಗೆ ಬಿದ್ದರೆ ಸಾಕೆಂದು ಬೇಗ ಹೊರಟು ನೋಡಿದೆ, ಅವರು ನನಗಿಂತ ಬೇಗ ಬಂದಿದ್ದರು. ತಡಮಾಡಿ ನೋಡಿದೆ, ಅವರು ಅಲುಗಿರಲಿಲ್ಲ. ಸಂಜೆ ಬರುವಾಗ ದಾಟೋಣವೆಂದರೆ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು, ಊರಿಗೆಲ್ಲ ಕೇಳುವ ಹಾಗೆ ಹಾಡು ಹಚ್ಚಿಕೊಂಡು ದಾರಿ ತುಂಬ ಇರುತ್ತಿದ್ದವು. ಪಂದ್ಯದ ವಿಷಯ ಮಾವನವರ ಕಿವಿಗೆ ಹಾಕೋಣವೆಂದರೆ, ನಿಮ್ಮನ್ನು ಕಂಡರೂ ನಾನು ಇಳಿಯುವುದಿಲ್ಲ ಎಂದು ಸೊಸೆ ಯಾವ ಬಾಯಿಂದ ಹೇಳಬೇಕು? ಆ ಸಂಕಟವನ್ನು ಕಸ್ತೂರೆವ್ವನ ಹತ್ತಿರ ಒಮ್ಮೆ ಹೇಳಿಕೊಂಡೆ. ಅವಳು ಹ್ಞೂಂ ಎಂದು ಬುಟ್ಟಿ ಹೊತ್ತು ಹೋದಳು. ದಿನಾ ನಾನು ಎಲ್ಲ ಕಡೆ ಗೆದ್ದು ಮೋರಿಯ ಬಳಿ ಇಳಿಯುತ್ತಿದ್ದೆ. ನಮ್ಮವರು ದಿನಾ ರಾತ್ರಿ ಊಟಕ್ಕೆ ಕೂತಾಗ, ಏನಾಯ್ತು ಅಕ್ಕೋರ, ಎಂದು ಕೇಳುತ್ತಿದ್ದರು.

ಕಡೆಗೆ ಡಾಂಬರಿನ ಪೀಪಾಯಿಗಳು ಬಂದು ಇಳಿದವು. ನಾಳೆಯಿಂದ ಡಾಂಬರು ಎಂದರು. ಅವತ್ತು ನಾನು ಸೀರೆಯ ನೆರಿಗೆಗೆ ಪಿನ್ನು ಬಿಗಿದು, ಗಾಲಿಗೆ ಗಾಳಿ ಹೊಡೆದು, ಬಸವಣ್ಣನ ಫೋಟೋಗೆ ಕೈಮುಗಿದು ಹೊರಟೆ. ಖಡಿಯ ಗುಡ್ಡೆ ದಾಟಿದ್ದಾಯಿತು. ನೀರಿನ ಟ್ಯಾಂಕರ್ ಮಾಡಿದ ಕೆಸರು ದಾಟಿದ್ದಾಯಿತು. ಹಿಂದಕ್ಕೆ ಬರುತ್ತಿದ್ದ ರೋಲರಿನವನು ನನ್ನನ್ನು ಕಂಡು ತಾನೇ ನಿಲ್ಲಿಸಿದ. ಮುಂದೆ ಮೋರಿ. ಅದರ ಮೇಲೆ ಒಬ್ಬರು ಹಾಯುವಷ್ಟು ದಾರಿ. ಆ ದಾರಿಯ ನಟ್ಟನಡುವೆ, ನನ್ನ ಕಡೆಗೇ ಮುಖ ಮಾಡಿ ಮಾವನವರು.

ವೇಗ ಸೊನ್ನೆಗೆ ಬಂದರೆ ಸೈಕಲ್ ನಿಲ್ಲುವುದಿಲ್ಲ, ಮಲಗುತ್ತದೆ. ಇಳಿಯಲು ಮನಸ್ಸಿಲ್ಲ, ಮುಂದೆ ಹೋಗಲು ಧೈರ್ಯವಿಲ್ಲ. ಮೋರಿಯ ಈಚೆ ರೋಲರ್ ತಿರುಗಿಸಲು ಒಂದಿಷ್ಟು ಗಟ್ಟಿ ಜಾಗ ಮಾಡಿದ್ದರು. ನಾನು ಅಲ್ಲಿ ಒಂದು ಸುತ್ತು ಹಾಕಿದೆ. ಏನೂ ತೋಚದೆ ಇನ್ನೊಂದು ಸುತ್ತು ಹಾಕಿದೆ. ಜೆಸಿಬಿಯವನು ಅಕ್ಕೋರಿಗೆ ಏನೋ ಆಯಿತೆಂದು ಎಂಜಿನ್ ಬಂದ್ ಮಾಡಿದ. ನಲವತ್ತೈದು ದಾಟಿದ ಹೆಂಗಸು, ಹೆಗಲಿಗೆ ಉತ್ತರಪತ್ರಿಕೆಗಳ ಚೀಲ, ಮಾವನವರ ಮುಂದೆ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದಾಳೆ. ಮಾವನವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಕೋಲೂರಿಕೊಂಡು ಎರಡು ಹೆಜ್ಜೆ ಅಂಚಿಗೆ ಸರಿದರು. ಆಮೇಲೆ ಮೈಪೂರ್ತಿ ಆ ಕಡೆ ತಿರುಗಿ, ಕಬ್ಬಿನ ಹೊಲದಲ್ಲಿ ಏನೋ ದೊಡ್ಡ ಕೆಲಸವಿದ್ದವರ ಹಾಗೆ ನೋಡುತ್ತ ನಿಂತರು.

ನೋಡದಿದ್ದವರ ಮುಂದೆ ಇಳಿಯಬೇಕಾಗಿಲ್ಲ. ನಾನು ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು, ಇನ್ನೊಂದು ಕೈಯಿಂದ ಸೆರಗು ತಲೆಗೆಳೆದುಕೊಂಡು, ಅವರ ಬೆನ್ನಿಗೆ ಮರ್ಯಾದೆ ಕೊಟ್ಟೇ ಮೋರಿ ದಾಟಿದೆ. ಆಚೆ ಇಳಿಜಾರು, ಮುರುಮು, ಕೊನೆಯ ಖಡಿ, ಆಮೇಲೆ ಆ ತುದಿಯ ಹಳೆಯ ಡಾಂಬರು. ಕಾಲು ಊರಲಿಲ್ಲ. ಹಿಂದೆ ಕಸ್ತೂರೆವ್ವ ಖಾಲಿ ಬುಟ್ಟಿ ಬಡಿದ ಸಪ್ಪಳ ಕೇಳಿಸಿತು. ನನಗಾದ ಹೆಮ್ಮೆಯನ್ನು ಹೇಗೆ ಹೇಳಲಿ? ಬಿ.ಎಡ್. ಪಾಸಾದಾಗ ಇಷ್ಟು ಹೆಮ್ಮೆಯಾಗಿರಲಿಲ್ಲ. ಮಗ ಹುಟ್ಟಿದಾಗ ಆಗಿತ್ತು, ಆದರೆ ಅದರಲ್ಲಿ ಎಲ್ಲರೂ ಪಾಲು ಕೇಳಿದ್ದರು. ಅವತ್ತು ಬೀಜಗಣಿತ ಕಲಿಸುತ್ತ ಕಲಿಸುತ್ತ ಸುಮ್ಮನೆ ನಕ್ಕುಬಿಟ್ಟೆ. ಹುಡುಗರು ಹೆದರಿ ಲೆಕ್ಕ ಮತ್ತೆ ಮಾಡಿ ನೋಡಿದರು.

ರಾತ್ರಿ ತಂದೆ ಮಗ ಊಟಕ್ಕೆ ಕೂತರು. ನಾನು ರೊಟ್ಟಿ ನೀಡುತ್ತ, ಗೆದ್ದವರು ನಿಲ್ಲುವ ಹಾಗೆ ನಿಂತಿದ್ದೆ. ನಮ್ಮವರು ಕೇಳಿದರು. ಮಾವನವರು ತುತ್ತು ನುಂಗಿ ನಿಧಾನವಾಗಿ ಅಂದರು, "ನಾ ನೋಡಿಲ್ಲೋ ತಮ್ಮಾ. ನಾ ಆ ಕಡೆ ಮಾರಿ ಮಾಡಿ ನಿಂತಿದ್ನಿ."

ನನ್ನ ಕೈಯಲ್ಲಿಯ ರೊಟ್ಟಿ ಅಲ್ಲೇ ನಿಂತಿತು. ಸುಳ್ಳು ಹೇಳದವರನ್ನು ಸಾಕ್ಷಿ ಮಾಡಿಕೊಂಡರೆ ಹೀಗೇ ಆಗುತ್ತದೆ. ಕಸ್ತೂರೆವ್ವ ಮೊದಲೇ ಅವರಿಗೆ ಎಲ್ಲ ಹೇಳಿದ್ದಳೆಂದು, ಅದಕ್ಕೇ ಅವರು ತಿರುಗಿ ನಿಂತಿದ್ದರೆಂದು ನನಗೆ ಗೊತ್ತಾದದ್ದು ಆಮೇಲೆ. ನಮ್ಮವರು, ಹಾಗಾದರೆ ಐತವಾರ ಗೋಕಾಕಕ್ಕೆ ಹೋಗಿ ಸ್ಕೂಟರ್ ತರೋಣ ಎಂದು ಬೆರಳು ನೆಕ್ಕಿದರು.

"ಸ್ಕೂಟರ್ ಮ್ಯಾಲ ಹೊಂಟಾಗ ನಾ ಎದುರಿಗೆ ಬಂದ್ರ ಈಕಿ ಇಳೀತಾಳೇನು?" ಎಂದು ಮಾವನವರು ಕೇಳಿದರು.

"ಸ್ಕೂಟರ್ ಮ್ಯಾಲಿಂದ ಯಾರ ಇಳೀತಾರ್ರಿ ಅಪ್ಪಾ? ಹಾರ್ನ್ ಹೊಡದು ಹೋಗ್ತಾರ."

"ಅದನ್ನ ನಾನೂ ಹೇಳಾಕತ್ತೇನಿ. ನೀ ಇಳಿಯೂದಿಲ್ಲ, ನಿನ್ನ ಗೆಳ್ಯಾರೂ ಇಳಿಯೂದಿಲ್ಲ. ಇಡೀ ಊರಾಗ ನನ್ನ ನೋಡಿ ಗಾಡಿ ಇಳಿಯಾಕಿ ಅಂದ್ರ ಈಕಿ ಒಬ್ಬಾಕಿ ಉಳದಾಳ. ಅದನ್ನೂ ಮೂಡಲಗಿಗೆ ಕಳಸಬ್ಯಾಡ. ಸೈಕಲ್ ಇರಲಿ."

ಮಾವನವರು ಹೇಳಿದ ಮೇಲೆ ಮುಗಿಯಿತು. ಸೈಕಲ್ ಉಳಿಯಿತು. ಕಾಲು ಊರದೆ ದಾಟಿದ್ದಕ್ಕೆ ಉಳಿಯಿತು ಎಂದು ನಾನು ಶಾಲೆಯಲ್ಲಿ, ತವರಿನಲ್ಲಿ, ಘಟಪ್ರಭಾ ಸ್ಟೇಷನ್ನಿನಲ್ಲಿ ಭೇಟಿಯಾದವರಿಗೆಲ್ಲ ಹೇಳುತ್ತ ಬಂದಿದ್ದೇನೆ. ನಿಮಗೊಬ್ಬರಿಗೇ ಪೂರ್ತಿ ಹೇಳಿದ್ದು.

ಈಗ ರಸ್ತೆ ಮುಗಿದಿದೆ. ಎಣ್ಣೆ ಸವರಿದ ಹಂಚಿನ ಹಾಗೆ ನುಣುಪಾಗಿದೆ. ಕೆಲಸ ಮುಗಿದು ಜೆಸಿಬಿ ಹೋಯಿತು, ಕಸ್ತೂರೆವ್ವ ಬೇರೆ ಊರಿನ ರಸ್ತೆಗೆ ಹೋದಳು, ಮಾವನವರ ಮೇಲ್ವಿಚಾರಣೆ ಮಾತ್ರ ಮುಗಿಯಲಿಲ್ಲ. ಬೆಳಗ್ಗೆ ನಾನು ಹೊರಡುವಾಗ ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಎದುರಾಗುತ್ತಾರೆ. ಇಳಿಯುತ್ತೇನೆ. ಅವರು ಸುತ್ತಲೂ ನಾಲ್ಕು ಜನ ನೋಡುತ್ತಿದ್ದಾರೆಯೇ ಎಂದು ಖಾತ್ರಿ ಮಾಡಿಕೊಂಡು ತಲೆಯಾಡಿಸುತ್ತಾರೆ. ಆಮೇಲೆ ಯಾರದೋ ಮೋಟರ್‌ಬೈಕಿನ ಹಿಂದೆ ಕೂತು, ನನಗಿಂತ ಮೊದಲು ಹಿಟ್ಟಿನ ಗಿರಣಿ ಮುಟ್ಟಿರುತ್ತಾರೆ. ಅಲ್ಲೂ ಇಳಿಯುತ್ತೇನೆ. ಅಲ್ಲಿಂದ ಮತ್ಯಾರದೋ ಬೈಕು, ಮೋರಿ. ಒಂದು ತಗ್ಗಿಲ್ಲ, ಒಂದು ಖಡಿಯಿಲ್ಲ, ಅಂಥ ರಸ್ತೆಯಲ್ಲಿ ದಿನಕ್ಕೆ ಮೂರು ಸಲ ಕಾಲು ಊರುತ್ತಿದ್ದೇನೆ.